ಪದ್ಮಿನಿಯ ಮೀಟರ್ ಕೇಬಲ್: ಜೆ.ಸಿ. ರಸ್ತೆಯ ರೆಡಿಮೇಡ್ ಸೆಟ್ಟೋ, ಅಳತೆ ಕೊಟ್ಟು ಮಾಡಿಸಿದ್ದೋ?

ಜೆ.ಸಿ. ರಸ್ತೆಯಲ್ಲಿ ಟೌನ್‌ಹಾಲ್ ಕಡೆಯಿಂದ ಮಿನರ್ವ ಸರ್ಕಲ್ ಕಡೆಗೆ ಅಂಗಡಿ ಅಂಗಡಿ ಕೇಳುತ್ತ ಹೋದರೆ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಸ್ಪೀಡೋಮೀಟರ್ ಕೇಬಲ್ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು, ಪ್ಲಾಸ್ಟಿಕ್ ಕವರಿನಲ್ಲಿ ಸುರುಳಿ ಸುತ್ತಿಟ್ಟ ರೆಡಿಮೇಡ್ ಸೆಟ್: ಇನ್ನರ್ (ಒಳಗೆ ತಿರುಗುವ ಉಕ್ಕಿನ ತಂತಿ), ಔಟರ್ (ಅದರ ಹೊರಕೊಳವೆ), ಎರಡು ತುದಿಗೂ ನಟ್ಟು, ಜೊತೆಗೆ ಕೇಬಲ್ ತಗಡಿನ ತೂತು ದಾಟುವಲ್ಲಿ ಹಾಕುವ ಒಂದು ರಬ್ಬರ್ ಗ್ರಾಮೆಟ್. ಇನ್ನೊಂದು, ಹಳೆಯ ಕೇಬಲ್ ಕೊಟ್ಟು, ಅದರ ನಟ್ಟುಗಳನ್ನೇ ಉಳಿಸಿಕೊಂಡು, ನಡುವಿನ ಔಟರ್ ಮತ್ತು ಇನ್ನರ್ ಮಾತ್ರ ಹೊಸದಾಗಿ ಹಾಕಿಸಿಕೊಳ್ಳುವುದು. ಎರಡನ್ನೂ ಬಿಚ್ಚಿ ನೋಡಿ, ಗಾಡಿಗೆ ಕೂರಿಸಿ ನೋಡಿದ ಮೇಲೆ ಹೇಳಬಹುದಾದ್ದು ಇಷ್ಟು: ರೆಡಿಮೇಡ್ ಸೆಟ್ಟಿನ ಇನ್ನರ್ ಚೆನ್ನಾಗಿದೆ, ಗ್ರಾಮೆಟ್ ಬಳಸಲು ಲಾಯಕ್ಕಿಲ್ಲ. ಮಾಡಿಸಿದ ಕೇಬಲ್ಲಿನ ಉದ್ದ ಸರಿಯಾಗಿ ಕೂರುತ್ತದೆ, ಆದರೆ ಇನ್ನರಿನ ಚೌಕದ ತುದಿ ಎಷ್ಟು ಚೆನ್ನಾಗಿರುತ್ತದೆ ಎಂಬುದು ಮಾಡುವವರ ಕೈ ಮೇಲೆ ನಿಂತಿದೆ. ಹಾದಿ ತಪ್ಪಿಸಿ ಎಳೆದರೆ ಮಾತ್ರ ಎರಡೂ ಒಂದೇ ರೀತಿ ಕೆಡುತ್ತವೆ. ಅದಕ್ಕೇ ಈ ಬರಹದಲ್ಲಿ ಕೇಬಲ್ಲಿಗಿಂತ ಅದರ ಹಾದಿಗೆ ಹೆಚ್ಚು ಜಾಗ.

ಕೊಳ್ಳುವ ಮೊದಲು ಕೆಟ್ಟಿರುವುದು ಕೇಬಲ್ಲೇ ಹೌದೋ ಎಂದು ನೋಡಿಕೊಳ್ಳಿ. ಮುಳ್ಳೂ ಏಳುತ್ತಿಲ್ಲ, ಕಿಲೋಮೀಟರ್ ಅಂಕಿಗಳೂ ತಿರುಗುತ್ತಿಲ್ಲ ಎಂದರೆ ಕೇಬಲ್ ತುಂಡಾಗಿರಬಹುದು, ಇಲ್ಲವೇ ಗೇರ್‌ಬಾಕ್ಸಿನ ಪಿನಿಯನ್, ಅಂದರೆ ಕೇಬಲ್ ತಿರುಗಿಸುವ ಪುಟ್ಟ ಹಲ್ಲುಚಕ್ರ, ಸವೆದಿರಬಹುದು. ಅಂಕಿ ತಿರುಗುತ್ತಿದೆ, ಮುಳ್ಳು ಮಾತ್ರ ಸತ್ತಿದೆ ಎಂದಾದರೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಇನ್ನರ್ ಮೀಟರಿನೊಳಗಿನ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಆ ಅಯಸ್ಕಾಂತ ತನ್ನ ಸುತ್ತ ಇರುವ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ. ಬಟ್ಟಲನ್ನು ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗ್ ಹಿಂದಕ್ಕೆ ಎಳೆದು ಹಿಡಿಯುತ್ತದೆ. ಮುಳ್ಳು ಕೂತಿರುವುದು ಈ ಬಟ್ಟಲಿನ ಮೇಲೆ. ಅಂಕಿಗಳು ತಿರುಗುವುದು ಬೇರೆ ಹಲ್ಲುಗಳಿಂದ. ಹಾಗಾಗಿ ಅಂಕಿ ಓಡಿ ಮುಳ್ಳು ನಿಂತರೆ ಅದು ಮೀಟರ್ ರಿಪೇರಿಯವರ ಕೆಲಸ. ಮುಳ್ಳು ನಿಧಾನದಲ್ಲಿ ಜಿಗಿದು ಜಿಗಿದು ನಡುಗಿ, ವೇಗ ಹೆಚ್ಚಿದಂತೆ ಸ್ಥಿರವಾಗುತ್ತಿದ್ದರೆ ಅಥವಾ ಡ್ಯಾಶ್‌ಬೋರ್ಡಿನ ಹಿಂದೆ ಟಿಕ್ ಟಿಕ್ ಸದ್ದು ವೇಗದ ಜೊತೆಗೇ ಏರುತ್ತಿದ್ದರೆ, ಅದು ಕೇಬಲ್ಲಿನದೇ ದೂರು. ಎಲ್ಲೋ ಒಂದು ಕಡೆ ತೀರ ಗಿಡ್ಡ ತಿರುವು ಬಿದ್ದಿದೆ ಅಥವಾ ಇನ್ನರ್ ಸೊಟ್ಟಗಾಗಿದೆ.

ಈಗ ಕವರ್ ಬಿಚ್ಚೋಣ. ರೆಡಿಮೇಡ್ ಸೆಟ್ಟಿನ ಇನ್ನರ್ ಅನ್ನು ಪೂರ್ತಿ ಹೊರಗೆಳೆದು ಬಿಸಿಲಿಗೆ ಹಿಡಿದರೆ ಪದರ ಪದರವಾಗಿ ಸುತ್ತಿದ ಉಕ್ಕಿನ ಎಳೆಗಳು ಕಾಣುತ್ತವೆ. ಒಂದು ಪದರ ಎಡಕ್ಕೆ, ಅದರ ಮೇಲಿನದು ಬಲಕ್ಕೆ. ಮೇಲಿನ ಪದರದ ಎಳೆಗಳ ನಡುವೆ ಸಂದು ಕಾಣದಿದ್ದರೆ ಮಾಲು ಒಳ್ಳೆಯದು. ಮೇಲಿನ ಪದರ ಯಾವ ದಿಕ್ಕಿಗೆ ಸುತ್ತಿದೆ ಎಂಬುದು ಬಹಳ ಮುಖ್ಯ, ಕೌಂಟರಿನಲ್ಲಿ ಯಾರೂ ಅದನ್ನು ನೋಡುವುದಿಲ್ಲ. ಕೇಬಲ್ ತಿರುಗುವಾಗ ಆ ಪದರ ಇನ್ನಷ್ಟು ಬಿಗಿಯಾಗಬೇಕು. ಉಲ್ಟಾ ಸುತ್ತಿನ ಇನ್ನರ್ ಹಾಕಿದರೆ ತಿರುಗಿದಷ್ಟೂ ಬಿಚ್ಚಿಕೊಂಡು, ಔಟರ್ ಒಳಗೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಹಳೆಯ ಇನ್ನರಿನ ಒಂದು ತುಂಡು ಕೈಯಲ್ಲಿದ್ದರೆ ಪಕ್ಕ ಪಕ್ಕ ಇಟ್ಟು ನೋಡಿ. ಎಳೆಗಳು ಒಂದೇ ಕಡೆಗೆ ಓರೆಯಾಗಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಅಲ್ಲೇ ವಾಪಸ್ ಕೊಡಿ. ಇನ್ನೊಂದು ಪರೀಕ್ಷೆ: ಇನ್ನರಿನ ಎರಡೂ ತುದಿಯನ್ನು ಎರಡು ಕೈಯಲ್ಲಿ ಹಿಡಿದು, ನಡುಭಾಗವನ್ನು ಉಯ್ಯಾಲೆಯ ಹಾಗೆ ಜೋತು ಬಿಡಿ. ಒಂದು ತುದಿಯನ್ನು ಬೆರಳಲ್ಲಿ ನಿಧಾನ ಉರುಳಿಸಿದರೆ ಇನ್ನೊಂದು ತುದಿಯೂ ಅಷ್ಟೇ ನಯವಾಗಿ ಉರುಳಬೇಕು. ಜೋತುಬಿದ್ದ ಭಾಗ ಪಟಕ್ಕೆಂದು ಹಾರಿ ಮಗುಚಿದರೆ ಅದು ಸೊಟ್ಟಗಾಗಿದೆ. ಸುರುಳಿ ಸುತ್ತಿ ಬಹಳ ಕಾಲ ಮೊಳೆಗೆ ನೇತುಹಾಕಿದ ಸೆಟ್ಟುಗಳಲ್ಲಿ ಈ ದೋಷ ಇರಬಹುದು. ಮೇಲೆ ಹೊಸದಾಗಿ ಹೊಳೆಯುತ್ತಿದ್ದರೂ ಅದು ಬೇಡ.

ಔಟರ್ ಪರವಾಗಿಲ್ಲ. ನಟ್ಟಿನ ಥ್ರೆಡ್ ಬಗ್ಗೆ ಮಾತ್ರ ಎಚ್ಚರ. ‘ಪದ್ಮಿನಿಗೆ ಒಂದೇ ಸೈಜು ಸಾರ್’ ಎಂದು ಅಂಗಡಿಯವರು ಹೇಳುತ್ತಾರೆ. ಇಷ್ಟು ವರ್ಷದಲ್ಲಿ ನಿಮ್ಮ ಗಾಡಿಯ ಮೀಟರ್ ಬದಲಾಗಿರಬಹುದು, ಗೇರ್‌ಬಾಕ್ಸೇ ಬೇರೆ ಗಾಡಿಯದಿರಬಹುದು. ಹಳೆಯ ಕೇಬಲ್ ತೆಗೆದುಕೊಂಡೇ ಹೋಗಿ. ಎರಡು ನಟ್ಟು, ಎರಡು ಚೌಕದ ತುದಿ, ಒಟ್ಟು ಉದ್ದ, ಈ ಐದನ್ನೂ ಅಂಗಡಿಯ ಮುಂದೆಯೇ ಹೊಂದಿಸಿ ನೋಡಿ. ಇನ್ನು ಗ್ರಾಮೆಟ್. ಸೆಟ್ಟಿನ ಜೊತೆ ಬರುವ ಆ ರಬ್ಬರ್ ಬಿಲ್ಲೆ ಉಗುರಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ, ಅಂಚಿನ ತೋಡು ತಗಡನ್ನು ಹಿಡಿಯುವಷ್ಟು ಆಳವಿಲ್ಲ. ಎಂಜಿನ್ನಿನ ಬಿಸಿಗೆ ಇದು ಬೇಗ ಬಿರಿಯುತ್ತದೆ. ಅದೇ ರಸ್ತೆಯಲ್ಲಿ ವೈರಿಂಗ್ ಸಾಮಾನಿನ ಅಂಗಡಿಯಲ್ಲಿ ಬಿಡಿ ಗ್ರಾಮೆಟ್ ಕೇಳಿ. ತಗಡಿನ ತೂತಿನ ಅಡ್ಡಳತೆ ಮತ್ತು ಔಟರಿನ ದಪ್ಪ, ಎರಡನ್ನೂ ಬರೆದುಕೊಂಡು ಹೋದರೆ ಸರಿಯಾದದ್ದು ಸಿಗುತ್ತದೆ.

ಅಳತೆ ಕೊಟ್ಟು ಮಾಡಿಸುವ ಕೇಬಲ್ಲಿನಲ್ಲಿ ನಟ್ಟಿನ ತಲೆನೋವಿಲ್ಲ, ನಿಮ್ಮದೇ ನಟ್ಟು ವಾಪಸ್ ಬರುತ್ತದೆ. ನೋಡಬೇಕಾದ್ದು ತುದಿ. ಇನ್ನರ್ ಕತ್ತರಿಸುವ ಜಾಗದಲ್ಲಿ ಮೊದಲು ಬೆಸುಗೆ ತುಂಬಿ, ಎಳೆಗಳು ಒಂದಾದ ಮೇಲೆ ಕತ್ತರಿಸಬೇಕು. ಹಾಗೆ ಮಾಡದೆ ಕಟ್ ಮಾಡಿದರೆ ಎಳೆಗಳು ಪೊರಕೆಯಂತೆ ಅರಳುತ್ತವೆ. ಆಮೇಲೆ ಎಷ್ಟು ಒತ್ತಿ ಚೌಕ ಮಾಡಿದರೂ ಒಳಗೆ ಸಡಿಲವೇ. ಚೌಕವನ್ನು ಡೈನಲ್ಲಿ, ಅಂದರೆ ಉಕ್ಕಿನ ಅಚ್ಚಿನಲ್ಲಿ, ಒತ್ತಿ ಮಾಡಿದ್ದರೆ ನಾಲ್ಕು ಮುಖವೂ ಸಮ ಇರುತ್ತದೆ. ಅರದಿಂದ ಉಜ್ಜಿ ಚೌಕ ಮಾಡಿದ ತುದಿ ಬೇಡವೇ ಬೇಡ. ಮೇಲಿನ ಪದರದ ಎಳೆಗಳೇ ಕತ್ತರಿಸಿಹೋಗಿರುತ್ತವೆ, ಅಂಥ ತುದಿ ಮೀಟರಿನ ತೂತಿನಲ್ಲಿ ಬೇಗ ದುಂಡಗಾಗುತ್ತದೆ. ತುದಿಯನ್ನು ನಿಮ್ಮ ಮೀಟರಿನ ಅಥವಾ ಪಿನಿಯನ್ನಿನ ತೂತಿಗೆ ತೂರಿಸಿ ಬೆರಳಲ್ಲಿ ತಿರುಗಿಸಿ ನೋಡುವುದೇ ಕೊನೆಯ ಪರೀಕ್ಷೆ. ಆಟ ಹೆಚ್ಚಿದ್ದರೆ ಅಲ್ಲೇ ಮತ್ತೆ ಮಾಡಿಸಿ.

ಉದ್ದ ಎಷ್ಟು ಕೊಡಬೇಕು? ಹಳೆಯ ಕೇಬಲ್ ಯಾರೋ ಕಡಿಮೆ ಉದ್ದದ್ದನ್ನು ಎಳೆದು ಬಿಗಿದು ಹಾಕಿದ್ದಿರಬಹುದು, ಆಗ ಅದರ ಅಳತೆ ನಂಬುವಂತಿಲ್ಲ. ದಾರದಿಂದ ಅಳೆದರೂ ತಪ್ಪಾಗುತ್ತದೆ, ದಾರ ಎಲ್ಲೆಂದರಲ್ಲಿ ಮಡಚಿಕೊಳ್ಳುತ್ತದೆ. ಡಿಶ್ ಟಿವಿಗೆ ಎಳೆಯುವ ಕಪ್ಪು ಕೇಬಲ್ಲಿನ ಮೂರು ಮೀಟರ್ ತುಂಡು ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದು ಗಡುಸು, ಗಿಡ್ಡ ತಿರುವಿಗೆ ತಾನೇ ಒಪ್ಪುವುದಿಲ್ಲ. ಗೇರ್‌ಬಾಕ್ಸಿನಿಂದ ಮೀಟರಿನವರೆಗೆ ಅದನ್ನು ಎಳೆದು, ಹಾದಿ ಸರಿ ಅನಿಸಿದ ಮೇಲೆ ಎರಡು ತುದಿಗೂ ಟೇಪ್ ಸುತ್ತಿ ಗುರುತು ಮಾಡಿ ಹೊರತೆಗೆಯಿರಿ. ಆ ಉದ್ದವನ್ನೇ ಔಟರಿಗೆ ಕೊಡಿ. ಇನ್ನರ್ ಉದ್ದ ಇದರಿಂದ ತಾನೇ ಹೊರಡುತ್ತದೆ: ಗೇರ್‌ಬಾಕ್ಸ್ ಕಡೆ ಇನ್ನರ್ ಪೂರ್ತಿ ಕೂತಾಗ, ಮೀಟರ್ ಕಡೆ ಔಟರಿನಿಂದ ಸುಮಾರು 10 ಮಿ.ಮೀ. ಹೊರಗೆ ಚಾಚಬೇಕು. ಹೆಚ್ಚಾದರೆ ನಟ್ಟು ಬಿಗಿಯುವಾಗ ಇನ್ನರ್ ಮೀಟರಿನ ಕಡ್ಡಿಯನ್ನು ಒಳಕ್ಕೆ ಒತ್ತಿ ಅದರ ಬುಷ್ (ಕಡ್ಡಿ ಕೂತು ತಿರುಗುವ ಬಳೆ) ಸವೆಸುತ್ತದೆ. ಕಡಿಮೆಯಾದರೆ ಚೌಕದ ತುದಿ ಅರ್ಧ ಮಾತ್ರ ಕೂತು, ಒಮ್ಮೆ ಮುಳ್ಳು ಏಳುತ್ತದೆ, ಒಮ್ಮೆ ಏಳುವುದಿಲ್ಲ.

ಇನ್ನು ಹಾದಿ. ನಿಯಮ ಒಂದೇ: ಯಾವ ತಿರುವೂ 15 ಸೆಂ.ಮೀ., ಅಂದರೆ 6 ಇಂಚು ತ್ರಿಜ್ಯಕ್ಕಿಂತ ಗಿಡ್ಡವಾಗಬಾರದು. ಅಂದಾಜಿಗೆ, ಮನೆಯ 12 ಇಂಚಿನ ದೋಸೆ ಕಾವಲಿಯ ಅಂಚನ್ನು ನೆನೆಯಿರಿ. ಕೇಬಲ್ ಆ ಅಂಚಿನಷ್ಟು ಅಗಲವಾಗಿ ಬಳುಕಬಹುದು, ಅದಕ್ಕಿಂತ ಹೆಚ್ಚು ಬಾಗಬಾರದು. ಇದನ್ನು ಮೀರಿದ ತಿರುವಿನಲ್ಲಿ ಇನ್ನರ್ ಒಂದು ಸುತ್ತಿನಲ್ಲಿ ಒಂದು ಕಡೆ ಉಜ್ಜಿ ನಿಂತು, ಒಮ್ಮೆಲೇ ಜಾರಿ ಮುಂದೆ ಹೋಗುತ್ತದೆ. ಮುಳ್ಳು ನಡುಗುವುದು ಈ ನಿಂತು ಜಾರುವುದರಿಂದಲೇ.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಜ್ಯಾಕಿಯ ಮೇಲೆ ನಂಬಿಕೆ ಇಡದೆ ಸ್ಟ್ಯಾಂಡ್ ಕೊಟ್ಟು ಕೆಳಗೆ ಹೋಗಿ. ಕೈ ಡ್ಯಾಶ್‌ಬೋರ್ಡಿನ ಹಿಂದೆ ಹೋಗುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಅಲ್ಲಿನ ಹಳೆಯ ವೈರುಗಳ ಹೊದಿಕೆ ಮುಟ್ಟಿದರೆ ಉದುರುವ ಸ್ಥಿತಿಯಲ್ಲಿರುತ್ತದೆ. ಕೆಲಸ ಗೇರ್‌ಬಾಕ್ಸ್ ಕಡೆಯಿಂದ ಶುರುವಾಗಲಿ. ಹಿಂಭಾಗದ ಹೌಸಿಂಗಿನಲ್ಲಿ ಕೇಬಲ್ ಸೇರುವ ಜಾಗವನ್ನು ಬ್ರಷ್ಷು, ಸೀಮೆಎಣ್ಣೆಯಿಂದ ತೊಳೆದ ಮೇಲೆಯೇ ನಟ್ಟು ಬಿಚ್ಚಿ. ಇಲ್ಲದಿದ್ದರೆ ಮಣ್ಣು ನೇರ ಪಿನಿಯನ್ನಿಗೆ. ಹಳೆಯ ಇನ್ನರ್ ಗೇರ್ ಆಯಿಲ್‌ನಲ್ಲಿ ತೊಯ್ದು ಹೊರಬಂದರೆ ಪಿನಿಯನ್ನಿನ ಆಯಿಲ್ ಸೀಲ್ ಹೋಗಿದೆ ಎಂದರ್ಥ. ಆ ಸೀಲ್ ಬದಲಿಸದೆ ಹೊಸ ಕೇಬಲ್ ಹಾಕಬೇಡಿ. ಇನ್ನರಿನ ಸುತ್ತುಗಳು ತಿರುಪಿನ ಹಾಗೆ ಕೆಲಸ ಮಾಡಿ ಎಣ್ಣೆಯನ್ನು ಮೀಟರಿನವರೆಗೂ ಏರಿಸುತ್ತವೆ. ಡ್ಯಾಶ್‌ಬೋರ್ಡಿನ ಕೆಳಗಿನ ಕಾರ್ಪೆಟ್ಟಿನ ಮೇಲೆ ಎಣ್ಣೆಯ ಹನಿ ಕಂಡರೆ ಅದು ಈ ದಾರಿಯಲ್ಲಿ ಬಂದದ್ದಿರಬಹುದು.

ಗೇರ್‌ಬಾಕ್ಸಿನಿಂದ ಹೊರಟ ಕೇಬಲ್ಲಿಗೆ ಮೊದಲ ಒಂದು ಅಡಿಯಷ್ಟು ಸ್ವಲ್ಪ ಸಡಿಲ ಬಿಡಿ. ಎಂಜಿನ್ನೂ ಗೇರ್‌ಬಾಕ್ಸೂ ರಬ್ಬರ್ ಮೌಂಟಿಂಗ್ ಮೇಲೆ ಕೂತಿವೆ. ಫಸ್ಟ್ ಗೇರಿನಲ್ಲಿ ಕ್ಲಚ್ ಬಿಟ್ಟಾಗಲೆಲ್ಲ ಇಡೀ ಜೋಡಣೆ ಓಲಾಡುತ್ತದೆ, ಬಾಡಿ ಓಲಾಡುವುದಿಲ್ಲ. ಬಿಗಿಯಾಗಿ ಎಳೆದ ಕೇಬಲ್ ಪ್ರತಿ ಸಲವೂ ನಟ್ಟಿನ ಬುಡದಲ್ಲಿ ಬಾಗುತ್ತದೆ. ಔಟರ್ ಮೊದಲು ಹರಿಯುವುದು ಅಲ್ಲೇ. ಈ ಸಡಿಲ ಭಾಗ ಮುಗಿದ ಮೇಲೆ ಬಾಡಿಗೆ ಮೊದಲ ಕ್ಲಿಪ್, ಅಲ್ಲಿಂದ ಮುಂದೆ ಒಂದೊಂದು ಅಡಿಗೆ ಒಂದು. ಕ್ಲಿಪ್ ಔಟರನ್ನು ಹಿಡಿಯಬೇಕು, ಅದುಮಬಾರದು. ಸ್ಕ್ರೂ ಬಿಗಿದ ಮೇಲೂ ಕೇಬಲ್ ಉದ್ದಕ್ಕೆ ಎಳೆದರೆ ಜಾರುವಂತಿರಲಿ. ಸೈಕಲ್ ಟ್ಯೂಬಿನ ಒಂದು ತುಂಡು ಸುತ್ತಿ ಕ್ಲಿಪ್ ಹಾಕಿದರೆ ಉಜ್ಜುವುದಿಲ್ಲ.

ಸೈಲೆನ್ಸರ್ ಪೈಪಿನಿಂದ ಕನಿಷ್ಠ 3 ಇಂಚು ದೂರ ಇರಲಿ. ಪೈಪ್ ಯಾವ ಪಕ್ಕ ಇಳಿಯುತ್ತದೋ ಅದರ ಎದುರು ಪಕ್ಕವೇ ಕೇಬಲ್ಲಿನ ಹಾದಿ. ಬಿಸಿ ತಾಗಿದ ಔಟರಿನೊಳಗೆ ಗ್ರೀಸ್ ಕರಗಿ ಕೆಳಗೆ ಹರಿದುಹೋಗಿ, ಮೇಲಿನ ಭಾಗ ಒಣಗುತ್ತದೆ. ಆಮೇಲೆ ಕೀರಲು ಸದ್ದು.

ಸ್ಟೀರಿಂಗ್ ಕಂಬದ ಮೇಲೆ ಗೇರ್ ಇರುವ ಪದ್ಮಿನಿಗಳಲ್ಲಿ ಇನ್ನೊಂದು ವಿಷಯಕ್ಕೆ ಗಮನ ಕೊಡಬೇಕು. ಕಂಬದ ಬುಡದಿಂದ ಗೇರ್‌ಬಾಕ್ಸಿಗೆ ಹೋಗುವ ಸಲಾಕೆಗಳು ಪ್ರತಿ ಗೇರಿಗೂ ಹಿಂದೆ ಮುಂದೆ, ಮೇಲೆ ಕೆಳಗೆ ಚಲಿಸುತ್ತವೆ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಾಗ ಅವುಗಳ ಪಕ್ಕದಲ್ಲಿ ಧಾರಾಳ ಜಾಗ ಇದ್ದಂತೆ ಕಾಣುತ್ತದೆ. ಕೇಬಲ್ ಎಳೆದ ಮೇಲೆ ಒಬ್ಬರು ಒಳಗೆ ಕೂತು ನಾಲ್ಕು ಗೇರನ್ನೂ ರಿವರ್ಸನ್ನೂ ಹಾಕಲಿ, ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ. ಯಾವ ಗೇರಿನಲ್ಲೂ ಸಲಾಕೆ ಕೇಬಲ್ಲಿಗೆ ತಾಗಬಾರದು. ತಾಗಿದರೆ ಕೇಬಲ್ ಹಾಳಾಗುವುದು ಹಾಗಿರಲಿ, ಗೇರೇ ಪೂರ್ತಿ ಬೀಳದೆ ಅರ್ಧಕ್ಕೆ ನಿಲ್ಲಬಹುದು, ಅದು ರಸ್ತೆಯಲ್ಲಿ ಅಪಾಯ. ಕ್ಲಚ್ ಪೆಡಲ್ಲಿಗೂ ಇದೇ ಪರೀಕ್ಷೆ. ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ದಾಟಿ ಒಳಬಂದ ಕೇಬಲ್ ಪೆಡಲ್ ತೋಳಿನ ಹಿಂದೆ ಜೋತುಬಿದ್ದರೆ, ಪೆಡಲ್ ಒತ್ತಿದಾಗಲೆಲ್ಲ ಅದು ಎಳೆಯಲ್ಪಟ್ಟು ಮುಳ್ಳು ಕುಣಿಯುತ್ತದೆ. ಬಾಡಿಗೆ ಒಂದು ಕ್ಲಿಪ್ ಹಾಕಿ ಪೆಡಲ್ಲಿಂದ ದೂರ ಹಿಡಿದಿಡಿ.

ಫೈರ್‌ವಾಲ್ ತೂತಿನಲ್ಲಿ ಗ್ರಾಮೆಟ್ಟನ್ನು ಮೊದಲು ಔಟರಿಗೆ ಏರಿಸಿ, ಸೋಪಿನ ನೀರು ಹಚ್ಚಿ, ಒಳಗಿನಿಂದ ತಗಡಿಗೆ ಕೂರಿಸಿ. ತೂತಿನ ಅಂಚನ್ನು ಅರದಿಂದ ನಯಮಾಡಿ ಸ್ವಲ್ಪ ಪೇಂಟ್ ಹಚ್ಚಿದರೆ ತುಕ್ಕೂ ಹಿಡಿಯದು. ಗ್ರಾಮೆಟ್ ಇಲ್ಲದೆ ಬರಿ ತಗಡಿನ ಅಂಚಿನ ಮೇಲೆ ಕೂತ ಔಟರ್ ಗರಗಸಕ್ಕೆ ಸಿಕ್ಕಂತೆ. ಮಳೆಗಾಲದಲ್ಲಿ ಅದೇ ಸಂದಿನಿಂದ ನೀರು ಕಾಲಬುಡಕ್ಕೆ ಇಳಿಯುತ್ತದೆ.

ಮೀಟರಿನ ಹಿಂದೆ ಕೊನೆಯ 5 ಸೆಂ.ಮೀ. ಕೇಬಲ್ ನೇರವಾಗಿ ಒಳಹೋಗಬೇಕು. ನಟ್ಟಿನ ಬಾಯಲ್ಲೇ ಬಾಗಿದರೆ ಚೌಕದ ತುದಿ ಒಂದು ಪಕ್ಕಕ್ಕೆ ಒತ್ತಿ ಮೀಟರಿನ ಬುಷ್ ತಿನ್ನುತ್ತದೆ. ಇಲ್ಲಿನ ನಟ್ಟನ್ನು ಕೈಯಲ್ಲೇ ಬಿಗಿಯಿರಿ, ಇಕ್ಕಳ ಹಾಕಬೇಡಿ. ಕೈಬಿಗಿಗೆ ಪೂರ್ತಿ ಬರುತ್ತಿಲ್ಲ ಎಂದರೆ ಒಳಗೆ ಚೌಕ ಕೂತಿಲ್ಲ. ಹಿಂದಕ್ಕೆ ತೆಗೆದು, ಇನ್ನರನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸಿ.

ಗ್ರೀಸ್ ವಿಚಾರದಲ್ಲೇ ಎಷ್ಟೋ ಮೀಟರುಗಳು ಕೆಡುತ್ತವೆ. ಹೆಚ್ಚು ಹಚ್ಚಿದರೆ ಒಳ್ಳೆಯದು ಎಂಬ ನಂಬಿಕೆ ಇದೆ, ಅದು ತಪ್ಪು. ತೆಳು ಗ್ರೀಸನ್ನು ಬೆರಳಿನ ನಡುವೆ ತೆಗೆದುಕೊಂಡು ಇನ್ನರಿಗೆ ಸವರಿ, ಔಟರಿಗೆ ತೂರಿಸಿ. ಆಮೇಲೆ ಮೀಟರ್ ತುದಿಯಿಂದ 20 ಸೆಂ.ಮೀ.ಯಷ್ಟು ಇನ್ನರನ್ನು ಹೊರಗೆಳೆದು, ಆ ಭಾಗದ ಗ್ರೀಸನ್ನು ಬಟ್ಟೆಯಿಂದ ಪೂರ್ತಿ ಒರೆಸಿ ಮತ್ತೆ ಒಳಗೆ ಬಿಡಿ. ಹಳೆಯ ಬ್ರಿಟಿಷ್ ಗಾಡಿಗಳ ಸರ್ವಿಸ್ ಪುಸ್ತಕಗಳು ಹೇಳುವ ಅಳತೆಯೂ ಇದೇ, 8 ಇಂಚು. ಕಾರಣ ಆಗಲೇ ಹೇಳಿದ ತಿರುಪಿನ ಗುಣ. ಮೇಲಿನ ಭಾಗದ ಗ್ರೀಸ್ ಮೀಟರಿನೊಳಕ್ಕೆ ಏರಿ, ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವಿನ ಸಂದಿಗೆ ಅಂಟುತ್ತದೆ. ಆಗ ಗಾಡಿ ನಿಧಾನವಾದರೂ ಮುಳ್ಳು ಇಳಿಯುವುದಿಲ್ಲ. ಎಂಜಿನ್ ಆಯಿಲ್ ಹಾಕುವುದಂತೂ ಕೂಡದು.

ಅಂಗಡಿಯ ಮುಂದೆಯೇ ಕೂರಿಸಿಕೊಡುವ ಸೇವೆಯ ಬಗ್ಗೆ: ಕೈಚಳಕ ಇದೆ, ಗಾಡಿ ಗೊತ್ತು, ನಟ್ಟು ಹುಡುಕಿ ಕೊಡುವ ತಾಳ್ಮೆಯೂ ಇದೆ. ಆದರೆ ಫುಟ್‌ಪಾತ್ ಪಕ್ಕ ಗಾಡಿ ಎತ್ತದೆ ಮಾಡುವ ಕೆಲಸದಲ್ಲಿ ಕೆಳಗಿನ ಕ್ಲಿಪ್ಪುಗಳು ವಾಪಸ್ ಬೀಳುವುದಿಲ್ಲ, ಪ್ಲಾಸ್ಟಿಕ್ ಟೈ ಬಿಗಿದು ಮುಗಿಸುತ್ತಾರೆ. ಬಿಗಿದ ಟೈ ಔಟರನ್ನು ಅದುಮುತ್ತದೆ. ಅಲ್ಲಿ ಸಾಮಾನು ಕೊಂಡು, ತುದಿ ಮಾಡಿಸಿಕೊಂಡು, ಕೂರಿಸುವುದನ್ನು ಪಿಟ್ ಅಥವಾ ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಮಾಡಿಸುವುದು ವಾಸಿ.

ಕೂರಿಸಿದ ಮೇಲೆ ಲೆಕ್ಕವೂ ಸರಿಯಿದೆಯೇ ನೋಡಿ. ಮೀಟರ್ ಕಡೆಯ ನಟ್ಟು ಬಿಚ್ಚಿ, ಇನ್ನರಿನ ತುದಿಗೆ ಕಾಗದದ ಚೂರನ್ನು ಬಾವುಟದಂತೆ ಅಂಟಿಸಿ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರ ಸರಿಯಾಗಿ 10 ಸುತ್ತು ಉರುಳುವಷ್ಟು ನೇರ ತಳ್ಳಿಸಿ. ಬಾವುಟ ಎಷ್ಟು ಸುತ್ತಿತು ಎಣಿಸಿ, ಗಾಡಿ ಸಾಗಿದ ದೂರವನ್ನು ಟೇಪಿನಿಂದ ಅಳೆಯಿರಿ. ಸುತ್ತನ್ನು 1000ದಿಂದ ಗುಣಿಸಿ, ಟೇಪಿನಿಂದ ಅಳೆದ ದೂರದಿಂದ (ಮೀ. ಲೆಕ್ಕದಲ್ಲಿ) ಭಾಗಿಸಿದರೆ ಒಂದು ಕಿಲೋಮೀಟರಿಗೆ ಎಷ್ಟು ಸುತ್ತು ಎಂದು ಸಿಗುತ್ತದೆ. ಉದಾಹರಣೆಗೆ 18 ಮೀ. ದೂರಕ್ಕೆ 18 ಸುತ್ತು ಬಂದರೆ 1000. ಹಾಗೆಂದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಇನ್ನರ್ ನಿಮಿಷಕ್ಕೆ 1000 ಸುತ್ತು ತಿರುಗುತ್ತದೆ. ಒಂದೇ ಚಕ್ರ ಎತ್ತಿ ತಿರುಗಿಸಿ ಎಣಿಸಬೇಡಿ, ಎರಡು ಹಿಂಚಕ್ರಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಮೀಟರ್ ಬೇರೆ ಗಾಡಿಯದಾಗಿದ್ದರೆ ಅಥವಾ ಟೈರ್ ಸೈಜ್ ಬದಲಾಗಿದ್ದರೆ ಎಷ್ಟು ಒಳ್ಳೆಯ ಕೇಬಲ್ ಹಾಕಿದರೂ ಮುಳ್ಳು ಸುಳ್ಳೇ ಹೇಳುತ್ತದೆ. ದೊಡ್ಡ ಟೈರ್ ಇದ್ದರೆ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಭಾನುವಾರ ಬೆಳಗ್ಗೆ ಬೇಗ ನೈಸ್ ರಸ್ತೆಯಲ್ಲಿ ಮೊಬೈಲಿನ ಜಿಪಿಎಸ್ ಪಕ್ಕದಲ್ಲಿಟ್ಟು 40, 60ರಲ್ಲಿ ಹೋಲಿಸಿ ನೋಡಿದರೆ ಸಾಕು.

ಅಂಬಾಸಿಡರ್ ಇಟ್ಟವರು ಕೇಳಬಹುದು. ಆ ಗಾಡಿಯ ಮೂಲ ಮಾರಿಸ್ ಆಕ್ಸ್‌ಫರ್ಡ್, ತಯಾರಿಕೆ 2014ರವರೆಗೂ ನಡೆಯಿತು. ಮೇಲೆ ಹೇಳಿದ 6 ಇಂಚಿನ ತಿರುವು, 8 ಇಂಚಿನ ಒಣ ತುದಿ ಎರಡೂ ಅದಕ್ಕೂ ಸಲ್ಲುತ್ತವೆ. ಆದರೆ ಇಸುಜು ಎಂಜಿನ್ನಿನ ಗಾಡಿಗೆ ಗೇರ್‌ಬಾಕ್ಸೇ ಬೇರೆ, ಹಳೆಯದರ ಸೆಟ್ ಕೊಂಡು ಮೋಸಹೋಗಬೇಡಿ.

ಹಳೆಯ ನಟ್ಟುಗಳು ಚೆನ್ನಾಗಿದ್ದರೆ ಮಾಡಿಸಿದ ಕೇಬಲ್ಲಿಗೇ ನಮ್ಮ ಓಟು, ಡೈನಲ್ಲಿ ಒತ್ತಿದ ಚೌಕ ಇರಬೇಕು ಎಂಬ ಷರತ್ತಿನ ಮೇಲೆ. ನಟ್ಟು ಸವೆದಿದ್ದರೆ ರೆಡಿಮೇಡ್ ಸೆಟ್, ಗ್ರಾಮೆಟ್ ಬೇರೆ. ಹೊಸ ಕೇಬಲ್ ವಾರದೊಳಗೆ ತುಂಡಾದರೆ ಅಂಗಡಿಗೆ ಹೋಗುವ ಮೊದಲು ಇನ್ನರಿನ ತುಂಡನ್ನು ಮೀಟರಿಗೆ ತೂರಿಸಿ ಬೆರಳಲ್ಲಿ ತಿರುಗಿಸಿ. ಮುಳ್ಳು ಚಿಮ್ಮಿ ಏಳಬೇಕು, ಬಿಟ್ಟಾಗ ಸೊನ್ನೆಗೆ ಬರಬೇಕು. ಬೆರಳಿಗೇ ಬಿಗಿ ಅನಿಸಿದರೆ ಮೀಟರ್ ಒಣಗಿದೆ. ಅದನ್ನು ಸರಿ ಮಾಡಿಸದೆ ಎಷ್ಟು ಕೇಬಲ್ ಹಾಕಿದರೂ ಅಷ್ಟೂ ತುಂಡಾಗುತ್ತವೆ. 500 ಕಿ.ಮೀ. ಓಡಿದ ಮೇಲೆ ಒಮ್ಮೆ ಕೆಳಗೆ ಹೋಗಿ ಗೇರ್‌ಬಾಕ್ಸ್ ನಟ್ಟು, ಮೊದಲ ಕ್ಲಿಪ್, ಗ್ರಾಮೆಟ್ ಈ ಮೂರನ್ನು ಮುಟ್ಟಿ ನೋಡಿ ಬನ್ನಿ.